ಶಕ್ತಿನಗರದ ಹಳೇ ಯೂನಿಟ್ ಯಾವಾಗ ನಿಲ್ತಾವು? ಯಾರಿಗಾದ್ರೂ ತಾರೀಖು ಗೊತ್ತೈತೇನ್ರಿ

ದೇವಸೂಗೂರ_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಡಿಪ್ಲೊಮಾ ಎಲೆಕ್ಟ್ರಿಕಲ್ ಓದಿ, ರಾಯಚೂರು ಹತ್ರ ಶಕ್ತಿನಗರದ ಕಲ್ಲಿದ್ದಲ ಕರೆಂಟ್ ಸ್ಥಾವರದಾಗ ಕಾಂಟ್ರಾಕ್ಟ್ ಮ್ಯಾಲೆ ಬೂದಿ ವಿಭಾಗದಾಗ ಕೆಲಸ ಮಾಡ್ತೀನಿ. ಇಲ್ಲಿ ಚಹಾ ಅಂಗಡ್ಯಾಗ ದಿನಕ್ಕೊಂದು ಮಾತು ಹುಟ್ತೈತಿ. ಒಬ್ರು ಒಂದ್ನೇ ಎರಡ್ನೇ ಯೂನಿಟ್ ಕಾಯಂ ಬಂದ್ ಅಂತಾರ. ಇನ್ನೊಬ್ರು ಏ, ಇನ್ನೂ ಹತ್ತು ವರ್ಷ ಏನೂ ಆಗಂಗಿಲ್ಲ ಬಿಡೋ ಅಂತಾರ.

ನನಗ ಗೊತ್ತಿದ್ದಷ್ಟು ಬರೀತೀನಿ. ಇಲ್ಲಿ 210 ಮೆಗಾವ್ಯಾಟಿನ ಏಳು, 250ರದ್ದು ಒಂದು, ಒಟ್ಟು 1720. ಮೊದಲನೇ ಯೂನಿಟ್ ಚಾಲೂ ಆಗಿದ್ದು 1985ರಾಗ. ಕಲ್ಲಿದ್ದಲ ಯೂನಿಟ್ಟಿಗೆ 25 ವರ್ಷ ಆಯಸ್ಸು ಅಂತ ಲೆಕ್ಕ ಹಿಡೀತಾರ, ಇದಕ್ಕ ನಲವತ್ತು ದಾಟೈತಿ. 2021ರಾಗ ಗ್ಲಾಸ್ಗೋದಾಗ ಪ್ರಧಾನಿಗಳು 2070ಕ್ಕ ನಿವ್ವಳ ಶೂನ್ಯ ಅಂದ್ರು, ಅಂದ್ರ ಗಾಳಿಗೆ ಬಿಟ್ಟಷ್ಟೇ ಇಂಗಾಲ ವಾಪಸ್ ಹೀರಿ ಸರಿತೂಗಿಸೋದು. 2030ಕ್ಕ ಕಲ್ಲಿದ್ದಲು, ಗ್ಯಾಸ್ ಬಿಟ್ಟು ಉಳಿದದ್ದು 500 ಗಿಗಾವ್ಯಾಟ್ ಆಗಬೇಕಂತ ಗುರಿ. ನಾವು ಆಯ್ತು ಇನ್ನ ಮುಗೀತು ಅಂದ್ಕೊಂಡ್ವಿ. ಆದ್ರ 2023ರಾಗ ಕೇಂದ್ರ ವಿದ್ಯುತ್ ಪ್ರಾಧಿಕಾರ 2030ರ ತನಕ ಹಳೇ ಯೂನಿಟ್ ಯಾವುದೂ ಮುಚ್ಚಬ್ಯಾಡ್ರಿ ಅಂತ ಹೇಳ್ತು. ಅದರ ಮ್ಯಾಲೆ 2032ರೊಳಗ ಇನ್ನೂ 80 ಗಿಗಾವ್ಯಾಟ್ ಹೊಸ ಕಲ್ಲಿದ್ದಲ ಸ್ಥಾವರ ಬೇಕು ಅಂದ್ರು.

ಗಂಧಕದ ಹೊಗಿ ತೊಳೆಯೋ ಮಶೀನಿಂದೂ ಅದೇ ಕಥಿ. 2015ರಾಗ ರೂಲ್ ಬಂತು, 2017ರ ಗಡುವು. ಆಮ್ಯಾಲೆ ಮುಂದಕ್ಕ, ಮತ್ತ ಮುಂದಕ್ಕ. 2025ರ ಜುಲೈದಾಗ ದೇಶದ ಬಹಳಷ್ಟು ಸ್ಥಾವರಕ್ಕ ಅದು ಬ್ಯಾಡೇ ಬ್ಯಾಡ ಅಂದುಬಿಟ್ರು.

ಕಲ್ಲಿದ್ದಲು ಒಳ್ಳೇದೋ ಕೆಟ್ಟದೋ ಅಂತ ನಾ ಕೇಳಾಕ ಬಂದಿಲ್ಲ. ಬೂದಿಯೊಳಗ ದಿನಾ ನಿಂತಿರೋನು ನಾನೇ. ಮನಿ ಕಟ್ಟಿಸಾಕ ಸಾಲ ತಗೊಳ್ಳೋದೋ ಬ್ಯಾಡೋ ಅನ್ನೋದು ನನ್ನ ಚಿಂತಿ. ಸಾಲದ ಕಂತು ಹದಿನೈದು ವರ್ಷಕ್ಕ. ನನ್ನ ಕೆಲಸ ಎಷ್ಟು ವರ್ಷಕ್ಕ?

ಸಿಂಧನೂರ_ಸೀನಿಯರ್

ತಮ್ಮಾ, ಸೋಲಾರ್ ಕೋರ್ಸ್ ಮಾಡ್ಕೋ. ಮುಂದಿಂದೆಲ್ಲಾ ಅದೇ.

ದೇವಸೂಗೂರ_ಹುಡುಗ

ಅಣ್ಣಾ, ಕೋರ್ಸ್ ಮಾಡಿದ ನನ್ನ ಗೆಳೆಯಾರು ಅದಾರ. ಪ್ಲೇಟ್ ಕೂಡಿಸೋ ತನಕ ಕೆಲಸ ಐತಿ. ಕೂಡಿಸಿದ ಮ್ಯಾಲೆ ಹುಲ್ಲು ಕೀಳೋರು, ಪ್ಲೇಟ್ ತೊಳೆಯೋರು, ಗೇಟ್ ಕಾಯೋರು ಅಷ್ಟೇ ಬೇಕು. ಇಲ್ಲಿ ಒಂದು ಯೂನಿಟ್ ಓಡಿದ್ರ ವ್ಯಾಗನ್ ಖಾಲಿ ಮಾಡೋರಿಂದ ಹಿಡ್ದು ಬೂದಿ ಟ್ಯಾಂಕರ್, ಬೂದಿ ಇಟ್ಟಂಗಿ ಫ್ಯಾಕ್ಟರಿ ತನಕ ಹೊಟ್ಟಿ ತುಂಬ್ತಾವು.

ನಿವೃತ್ತ_ಸೆಕ್ಷನ್_ಆಫೀಸರ್

ನಾನು ವಿತರಣೆ ಕಡೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ತಮ್ಮ ಕೇಳಿದ ತಾರೀಖು ಯಾಕೆ ಸಿಗುವುದಿಲ್ಲ ಎಂಬುದಕ್ಕೆ ಒಂದು ಕಾರಣ ಹೇಳುತ್ತೇನೆ.

2025ರ ನಡುವಿನ ಹೊತ್ತಿಗೆ ನಮ್ಮ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಭಾಗ ಸೌರ, ಗಾಳಿ, ಜಲ, ಅಣು ಇವುಗಳದ್ದಾಯಿತು. ಗುರಿಗಿಂತ ಐದು ವರ್ಷ ಮೊದಲೇ ಎಂದು ಪತ್ರಿಕೆಗಳಲ್ಲಿ ಬಂತು. ಅದು ನಿಜವೇ. ಆದರೆ ಅದು ಸಾಮರ್ಥ್ಯದ ಲೆಕ್ಕ. ವರ್ಷವಿಡೀ ನಿಜವಾಗಿ ಉತ್ಪಾದನೆಯಾದ ವಿದ್ಯುತ್ತಿನ ಯೂನಿಟ್ಟುಗಳನ್ನು (ಮೀಟರಿನಲ್ಲಿ ಎಣಿಸುವ ಯೂನಿಟ್) ಎಣಿಸಿದರೆ ನೂರಕ್ಕೆ ಎಪ್ಪತ್ತರ ಆಸುಪಾಸು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಫಲಕ ರಾತ್ರಿ ಮಲಗುತ್ತದೆ, ಬಾಯ್ಲರ್ ಮಲಗುವುದಿಲ್ಲ.

ಮಧ್ಯಾಹ್ನ ಬಿಸಿಲಿನ ಹೊತ್ತಿಗೆ ವಿದ್ಯುತ್ ಕೊಂಡು ಮಾರುವ ವಿನಿಮಯ ಕೇಂದ್ರದಲ್ಲಿ ದರ ಪಾತಾಳಕ್ಕೆ ಇಳಿಯುತ್ತದೆ. ಸಂಜೆ ಏಳಕ್ಕೆ ಅದೇ ಯೂನಿಟ್ಟಿನ ದರ ಹತ್ತು ರೂಪಾಯಿ ಮುಟ್ಟುವುದುಂಟು, ಅದಕ್ಕಿಂತ ಮೇಲೆ ಹೋಗದಂತೆ ಮಿತಿ ಹಾಕಿದ್ದಾರೆ. ಹೀಗಾಗಿ ಕಲ್ಲಿದ್ದಲ ಸ್ಥಾವರಗಳಿಗೆ ಮಧ್ಯಾಹ್ನ ಇಳಿಸು, ಸಂಜೆ ಏರಿಸು ಎಂಬ ಆದೇಶ. ಮೊದಲು ಸಾಮರ್ಥ್ಯದ 55 ಶೇಕಡಾಕ್ಕಿಂತ ಕೆಳಗೆ ಇಳಿಸುತ್ತಿರಲಿಲ್ಲ, ಈಗ 40ಕ್ಕೆ ಇಳಿಸಲು ಸಿದ್ಧರಾಗಿ ಎನ್ನುತ್ತಿದ್ದಾರೆ. ಒಂದೇ ಹದದಲ್ಲಿ ಓಡಲೆಂದು ಕಟ್ಟಿದ ಬಾಯ್ಲರ್ ಅದು. ದಿನಾ ಕಾಯಿಸಿ ತಣಿಸಿದರೆ ಕೊಳವೆ ಸೀಳುತ್ತದೆ, ರಿಪೇರಿ ಖರ್ಚು ಏರುತ್ತದೆ.

ನನ್ನ ಅಂದಾಜು ಕೇಳಿದರೆ, ಹಳೆಯ ಯೂನಿಟ್ಟುಗಳನ್ನು ಒಂದು ದಿನ ಗೊತ್ತು ಮಾಡಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಗಾಳಿಯೂ ಶರಾವತಿಯೂ ಕೈತುಂಬ ಕೊಡುವಾಗ ಅವನ್ನು ನಿಲ್ಲಿಸುತ್ತಾರೆ, ಬೇಸಿಗೆಯಲ್ಲಿ ಎಬ್ಬಿಸುತ್ತಾರೆ. ನಿಲ್ಲುವ ತಿಂಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುತ್ತದೆ. ಕಾಯಂ ನೌಕರನಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಕೆಲಸ ಇದ್ದ ದಿನ ಕೂಲಿ ಎನ್ನುವವನಿಗೆ ಇದು ಮುಚ್ಚುವುದಕ್ಕಿಂತ ಕಷ್ಟ. ಮುಚ್ಚಿದರೆ ಪರಿಹಾರ ಕೇಳಬಹುದು. ನಿಂತೇ ಇರುವುದಕ್ಕೆ ಯಾರನ್ನು ಕೇಳುವುದು?

ಎಡದಂಡೆ_ಮಾನ್ವಿ

ಸಾಹೇಬ್ರ, ನೀವು ಹೇಳೂದು ಎಲ್ಲಾ ಖರೆ. 2023ರ ಅಕ್ಟೋಬರ್ ಮರತ್ರೇನ್ರಿ? ಮಳಿ ಕೈ ಕೊಡ್ತು, ಗಾಳಿ ಇಲ್ಲ, ಡ್ಯಾಮಿನ್ಯಾಗ ನೀರಿಲ್ಲ. ಏಳು ತಾಸು ತ್ರೀಫೇಸ್ ಅಂದೋರು ಐದಕ್ಕ ಬಂದ್ರು, ಆ ಐದೂ ಪೂರಾ ಬರಲಿಲ್ಲ. ಬ್ಯಾರೆ ರಾಜ್ಯಕ್ಕ ಕರೆಂಟ್ ಮಾರಬಾರದು ಅಂತ ಖಾಸಗಿಯವರಿಗೆ ಸರ್ಕಾರ ಆದೇಶ ಹೊರಡಿಸ್ತು. ತುಂಗಭದ್ರಾ ಎಡದಂಡೆ ಕೊನೀ ಭಾಗದವ್ರು ನಾವು. ಕಾಲುವಿ ನೀರು ನಮ್ಮ ತನಕ ಬರೋದು ಅನುಮಾನ, ಬೋರಿಗೆ ಕರೆಂಟಿನ ಆಸರಿ. ಅದೂ ಇಲ್ಲಾಂದ್ರ ಭತ್ತ ಹೊಟ್ಟಿ ಬಿಡೋ ಹೊತ್ನ್ಯಾಗ ಒಣಗ್ತೈತಿ.

ಗಾಳಿ, ಬಿಸಿಲು, ನೀರು ಮೂರೂ ಆಕಾಶ ನಂಬಿದ್ದು. ಬರ ಬಿದ್ದ ವರ್ಷ ಎರಡು ಒಮ್ಮೆಲೇ ಕೈ ಕೊಡ್ತಾವು, ಅದೇ ವರ್ಷ ಪಂಪ್‌ಸೆಟ್ ಎಲ್ಲಾ ಒಮ್ಮೆಲೇ ಚಾಲೂ ಆಗ್ತಾವು. ಅದಕ್ಕ ಶಕ್ತಿನಗರ ಇರಬೇಕು ಅಂತೀನಿ.

ಟೀಚರಮ್ಮ_ಲಿಂಗಸುಗೂರು

ಎಡದಂಡೆ ಅಣ್ಣಾವ್ರೇ, ಆ ಬರ ಯಾಕೆ ಬಂತು ಎಂಬುದನ್ನೂ ಸ್ವಲ್ಪ ಹೇಳಿ. ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಮಕ್ಕಳು ಹೇಗೆ ಕೂರುತ್ತಾರೆ ಎಂದು ಒಮ್ಮೆ ಬಂದು ನೋಡಿ. ತಗಡಿನ ಕೆಳಗೆ ನಲವತ್ತೆರಡು ಡಿಗ್ರಿ. ಇದೇ ಕಲ್ಲಿದ್ದಲು ಸುಟ್ಟು ಸುಟ್ಟು ಕಾಯಿಸಿಕೊಂಡಿದ್ದೇವೆ. ‘ಬದಲಾವಣೆಯಲ್ಲಿ ಅಪಾಯ ಇದೆ’ ಎನ್ನುವವರು ಬದಲಾಗದೇ ಇರುವುದರ ಅಪಾಯವನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಇನ್ನೊಂದು. ರೈತರಿಗೆ ಸೋಲಾರ್ ಕೇವಲ ನಷ್ಟವಲ್ಲ. ಹೊಲಗಳಿಗೆ ವಿದ್ಯುತ್ ಒಯ್ಯುವ ಮಾರ್ಗ, ಅಂದರೆ ಫೀಡರ್, ಸೋಲಾರ್ ಆದ ಕಡೆ ಹಗಲಲ್ಲೇ ತ್ರೀಫೇಸ್ ಕೊಡಬಹುದು. ರಾತ್ರಿ ಎರಡಕ್ಕೆ ನೀರು ತಿರುವಲು ಹೋಗಿ ಹಾವು ಕಚ್ಚಿಸಿಕೊಂಡವರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ.

ಎಡದಂಡೆ_ಮಾನ್ವಿ

ಹಾವಿನ ಮಾತು ಒಪ್ಪಿದೆ ಟೀಚರ್. ಹಗಲು ಕರೆಂಟ್ ಕೊಟ್ರ ನಾ ಯಾಕ ಬ್ಯಾಡ ಅನ್ಲಿ. ಬರಗಾಲದ ಸಂಜಿ ಮಾತ್ರ ಇನ್ನೂ ಹಂಗ ಉಳೀತು.

ನಿವೃತ್ತ_ಸೆಕ್ಷನ್_ಆಫೀಸರ್

ಸಂಜೆಗೆ ದಾರಿ ಇಲ್ಲವೆಂದಲ್ಲ. ಬಳ್ಳಾರಿಯ ಪಕ್ಕದ ಆಂಧ್ರದಲ್ಲಿ ಪಿನ್ನಾಪುರಂ ಎಂಬಲ್ಲಿ 1680 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಕಟ್ಟಿದ್ದಾರೆ. ಹಗಲು ಸೌರ ವಿದ್ಯುತ್ತಿನಿಂದ ಕೆಳಗಿನ ಕೆರೆಯ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಇಳಿಸಿ ಟರ್ಬೈನ್ ತಿರುಗಿಸುವುದು. ಬ್ಯಾಟರಿ ಬಾಡಿಗೆಯ ಟೆಂಡರ್ ದರ 2022ರಲ್ಲಿ ಮೆಗಾವ್ಯಾಟಿಗೆ ತಿಂಗಳಿಗೆ 10 ಲಕ್ಷ ದಾಟಿತ್ತು, 2025ರಲ್ಲಿ ಎರಡು ಲಕ್ಷದ ಆಸುಪಾಸಿಗೆ ಬಂತು. ಇಷ್ಟು ಬೇಗ ಇಳಿಯುತ್ತದೆಂದು ನಮ್ಮ ಇಲಾಖೆಯಲ್ಲಿ ಯಾರೂ ಎಣಿಸಿರಲಿಲ್ಲ. ಆದರೆ ಬ್ಯಾಟರಿ ಎರಡು ಅಥವಾ ನಾಲ್ಕು ತಾಸಿನದ್ದು. ವಾರಗಟ್ಟಲೆ ಮೋಡ ಕವಿದು ಗಾಳಿ ಬಿದ್ದರೆ ಅದು ಸಾಲದು. ಜೊತೆಗೆ ಸೌರ ಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ನೂರಕ್ಕೆ 80ಕ್ಕಿಂತ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಅವರು ಅಪರೂಪದ ಲೋಹಗಳ ಅಯಸ್ಕಾಂತದ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ಕಂಪನಿಗಳು ಪರದಾಡಿದವು. ಪಕ್ಕದ ತೆಲಂಗಾಣದ ಸಿಂಗರೇಣಿ ಗಣಿಯ ಕಲ್ಲಿದ್ದಲಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಸಂಡೂರಿನವ

ನೀವೆಲ್ಲ ದೊಡ್ಡ ದೊಡ್ಡ ಮಾತಾಡ್ತಿದೀರಿ. ನಮ್ಮ ಬಳ್ಳಾರಿ ಕಡೆಯವರು ಒಂದು ಸಲ ಇದನ್ನೆಲ್ಲ ಅನುಭವಿಸಿ ಮುಗಿಸೀವಿ.

2011ರ ಜುಲೈ 29. ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸ್ತು. ನಿಲ್ಲಿಸಿದ್ದು ಸರಿಯೇ, ಅದನ್ನ ನಾನು ಯಾವತ್ತೂ ಹೇಳ್ತೀನಿ. ಕುಮಾರಸ್ವಾಮಿ ಬೆಟ್ಟ ಕೊರೆದು, ಅದಿರು ಕದ್ದು, ಊರ ಮೇಲೆಲ್ಲಾ ಕೆಂಪು ಧೂಳು ಹಾಕಿದ್ರು. ಆದರೆ ನಿಂತ ಬೆಳಿಗ್ಗೆ ಏನಾಯ್ತು? ಹೊಸಪೇಟೆ ರಸ್ತೆ ಉದ್ದಕ್ಕೂ ಲಾರಿ ನಿಂತವು. ಆ ಲಾರಿ ಗಣಿ ಧಣಿಗಳವೇ ಅಂತ ಬೆಂಗಳೂರಿನವರು ತಿಳ್ಕೊಂಡಿದ್ರು. ಅವುಗಳಲ್ಲಿ ಬಹಳಷ್ಟು, ಹೊಲ ಮಾರಿ, ಫೈನಾನ್ಸ್ ಮಾಡಿಸಿ ಲಾರಿ ತಗೊಂಡ ನಮ್ಮಂಥವರವು. ಕಂತು ಕಟ್ಟಕ್ಕಾಗದೆ ಫೈನಾನ್ಸಿನವರು ಎಳ್ಕೊಂಡು ಹೋದ್ರು. ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ಢಾಬಾ, ಅದಿರು ಜರಡಿ ಹಿಡಿಯೋ ಹೆಣ್ಣುಮಕ್ಕಳು ಎಲ್ಲಾ ಒಂದೇ ವಾರದಲ್ಲಿ ಖಾಲಿ.

ಮುಂದಿನ ವರ್ಷದಿಂದ ಕೆಲವು ಗಣಿ ಶುರುವಾದವು, ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಹಾಕಿ. ಮೊದಲಿನಷ್ಟು ಜನರಿಗೆ ಕೆಲಸ ಬರಲಿಲ್ಲ. ಈಗ ಹಣದ ಮಾತು ಕೇಳ್ರಿ. ಅದಿರು ಹರಾಜಿನಿಂದ ಸಾವಿರಾರು ಕೋಟಿ ಹಿಡಿದಿಟ್ರು, ಗಣಿಬಾಧಿತ ಜನರಿಗೆ, ಪರಿಸರಕ್ಕೆ ಅಂತ. ಅದಕ್ಕೊಂದು ನಿಗಮ ಮಾಡಿದ್ದು 2014ರಲ್ಲಿ. ಖರ್ಚಿನ ಯೋಜನೆಗೆ ಕೋರ್ಟ್ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಲಾರಿ ಕಳ್ಕೊಂಡವನು ಅಷ್ಟೊತ್ತಿಗೆ ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿ ಅರ್ಧ ಆಯಸ್ಸು ಕಳೆದಿದ್ದ.

ದೇವಸೂಗೂರ ತಮ್ಮಾ, ನಿನಗೆ ಹೇಳೋದು ಇಷ್ಟೇ. ಹಣ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ, ಕೆಲಸ ನಿಲ್ಲೋದಕ್ಕೆ ಮುಂಚೆ ಬರುತ್ತೋ, ನಿಂತ ಮೇಲೆ ಬರುತ್ತೋ ಅದನ್ನ ಕೇಳು. ಎಷ್ಟು ಅಂತ ಆಮೇಲೆ ಕೇಳು.

ಕುಕನೂರ_ಎರಿಹೊಲ

ಸಂಡೂರಣ್ಣ ಖರೆ ಹೇಳಿದ. ಕೊಪ್ಪಳದ ಕಡಿಂದ ನಂದೂ ಒಂದಿಷ್ಟು.

ನಮ್ಮ ಕುಕನೂರು, ಯಲಬುರ್ಗಾ ಕಡಿ ಎಲ್ಲಿ ನೋಡಿದ್ರೂ ಗಾಳಿ ಕರೆಂಟಿನ ಫ್ಯಾನು. ಎರಿಭೂಮಿ, ಕಡ್ಲಿ ಜೋಳ ಬೆಳಿಯೋ ಹೊಲ. ಮೊದಲು ಬಂದವರು ಕಂಪನಿಯವರಲ್ಲ, ಏಜೆಂಟರು, ನಮ್ಮೂರವರೇ. ಒಬ್ಬಗ ಒಂದು ರೇಟು, ಬಾಜೂ ಹೊಲದವಗ ಇನ್ನೊಂದು. ಫ್ಯಾನ್ ನಿಂತ ಹೊಲದವಗ ರೊಕ್ಕ ಬಂತು. ರೆಕ್ಕಿ ಹೊತ್ತ ಗಾಡಿ ಹಾಯಾಕ ಯಾರ ಹೊಲದಾಗ ದಾರಿ ಮಾಡಿದ್ರೋ ಅವಗ ಸಿಕ್ಕಿದ್ದು ಅಷ್ಟಕ್ಕಷ್ಟ. ಮಳಿ ನೀರು ಹರಿಯೋ ದಿಕ್ಕೇ ಬದಲಾತು, ಕೆಳಗಿನ ಹೊಲದ ಒಡ್ಡು ಒಡೀತು, ಅದಕ್ಕ ಯಾರೂ ಜವಾಬ್ದಾರರಿಲ್ಲ.

ಲೀಜು ಕೊಡೋರಿಗೆ ಒಂದು ಮಾತು. ಕರಾರಿನ್ಯಾಗ ವರ್ಷದ ರೊಕ್ಕ ಅಷ್ಟ ನೋಡಬ್ಯಾಡ್ರಿ. ಪಾವಗಡದಾಗ ಸೋಲಾರ್ ಪಾರ್ಕಿಗೆ ರೈತರು 13 ಸಾವಿರ ಎಕರೆದಷ್ಟು ಲೀಜು ಕೊಟ್ಟಾರ, ಎಕರೆಕ್ಕ ವರ್ಷಕ್ಕ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಐದು ಪರ್ಸೆಂಟ್ ಹೆಚ್ಚು. ಕೇಳಾಕ ಚಂದ. ಆದ್ರ ಎರಡು ವರ್ಷಕ್ಕ ಐದು ಅಂದ್ರ ಸಂತ್ಯಾಗಿನ ರೇಟು ಅದನ್ನ ದಾಟಿ ಹೋಗ್ತೈತಿ. ಹೊಲ ಇದ್ದವಗ ಅಷ್ಟಾದ್ರೂ ಬಂತು. ಅದೇ ಹೊಲದಾಗ ಕಳಿ ತೆಗಿಯೋ ಕೂಲಿಯವಗ, ಕುರಿ ಮೇಸೋವಗ ಕರಾರೇ ಇಲ್ಲ.

ಅವಧಿ ಮುಗಿದ ಮ್ಯಾಲೆ ಆ ಕಾಂಕ್ರೀಟ್ ಬುನಾದಿ ಕೀಳೋರು ಯಾರು? ಕಂಪನಿ ನಡುವ ಇನ್ನೊಬ್ಬರಿಗೆ ಮಾರಿದ್ರ ಕರಾರು ಅವರಿಗೂ ಲಾಗೂ ಆಗ್ತೈತೋ ಇಲ್ಲೋ? ಪಹಣಿಯೊಳಗ ಲೀಜು ಕೂತ್ರ ಬೆಳಿಸಾಲ ಸಿಗ್ತೈತೋ ಇಲ್ಲೋ? ಅಣ್ಣತಮ್ಮಂದಿರ ವಾಟ್ನಿ ಆದ್ರ ರೊಕ್ಕ ಯಾರ ಖಾತಿಗೆ? ಸಹಿ ಮಾಡೋ ಮುಂಚೆ ಇವನ್ನ ವಕೀಲರ ಕಡೆ ಓದಿಸ್ರಿ. ನಾನು ನಮ್ಮ ಕರಾರು ಓದಿಸಿದ್ದಕ್ಕ ಬುನಾದಿ ಕೀಳೋ ಖರ್ಚು ಕಂಪನಿದೇ ಅಂತ ಒಂದು ಸಾಲು ಸೇರಿಸಿದ್ರು. ಕೇಳದವರ ಕರಾರಿನ್ಯಾಗ ಆ ಸಾಲು ಇಲ್ಲ.

ಹತ್ತಿ_ಮಾರ್ಕೆಟ್

ವಿಷಯ ಬಿಟ್ಟು ಸ್ವಲ್ಪ ಕೇಳ್ತೀನ್ರಿ. ಥರ್ಮಲ್ ಸ್ಥಾವರದಾಗ ಕಲ್ಲಿದ್ದಲ ಜೋಡಿ ಐದು ಪರ್ಸೆಂಟ್ ಕೃಷಿ ತ್ಯಾಜ್ಯದ ಉಂಡಿ ಸುಡಬೇಕಂತ ಕೇಂದ್ರದ ನಿಯಮ ಐತಲ್ಲ. ರಾಯಚೂರಿನ್ಯಾಗ ಹತ್ತಿ ಕಟಗಿ ಎಷ್ಟು ಬೇಕು? ನಾವು ಹೊಲದಾಗ ಸುಟ್ಟು ಬೂದಿ ಮಾಡ್ತೀವಿ. ಇಲ್ಲಿ ಉಂಡಿ ಮಾಡೋ ಮಶೀನ್ ಯಾರಾದ್ರೂ ಹಾಕ್ಯಾರೇನು?

ನಿವೃತ್ತ_ಸೆಕ್ಷನ್_ಆಫೀಸರ್

ಒಳ್ಳೆಯ ಪ್ರಶ್ನೆ. ತೊಂದರೆ ಇರುವುದು ಕಟಗಿ ಒಟ್ಟು ಮಾಡುವುದರಲ್ಲಿ. ಹತ್ತಿ ಬಿಡಿಸಿದ ಮೇಲೆ ಎರಡು ತಿಂಗಳು ಸಿಗುತ್ತದೆ, ವರ್ಷವಿಡೀ ಒಣಗಿಸಿ ಇಡಲು ಜಾಗ ಬೇಕು, ಬೆಂಕಿಯ ಭಯ. ರೈತ ಉತ್ಪಾದಕ ಸಂಘಗಳು ಮುಂದೆ ಬಂದರೆ ಆಗಬಹುದು. ಅದಕ್ಕೆ ಬೇರೆಯೇ ಎಳೆ ತೆರೆಯಿರಿ, ನಾನೂ ಬರೆಯುತ್ತೇನೆ.

ಬಿ_ಶಿಫ್ಟ್_ತೋರಣಗಲ್ಲು

ಕರೆಂಟಿನದ್ದು ಹೇಳಿದ್ರಿ, ಉಕ್ಕಿಂದ ಯಾರೂ ಹೇಳ್ತಿಲ್ಲ. ಅದಿರು ಕರಗಿಸೋ ಬ್ಲಾಸ್ಟ್ ಫರ್ನೇಸಿನಲ್ಲಿ ಕೋಕ್, ಅಂದ್ರೆ ಬೇಯಿಸಿದ ಕಲ್ಲಿದ್ದಲು, ಬರೀ ಕಾಯಿಸೋಕಲ್ಲ, ಅದಿರಿನಿಂದ ಆಮ್ಲಜನಕ ಕೀಳೋದೇ ಅದು. ಸೋಲಾರ್ ಹಾಕಿದ್ರೆ ಆ ಕೆಲಸ ಆಗಲ್ಲ, ಹೈಡ್ರೋಜನ್ ಬೇಕು. ಹೈಡ್ರೋಜನ್ ತುಟ್ಟಿ. ಜರ್ಮನಿಯಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿ, ಅಲ್ಲಿನ ಸರ್ಕಾರ ಸಹಾಯಧನ ಕೊಡ್ತೀನಿ ಅಂದ್ರೂ, 2025ರಲ್ಲಿ ಎರಡು ಕಡೆಯ ಯೋಜನೆ ಕೈಬಿಡ್ತು.

ಇನ್ನೊಂದು ಕಡೆಯಿಂದ ಯುರೋಪಿನವರು ಗಡಿಯಲ್ಲಿ ಇಂಗಾಲದ ಸುಂಕ ಹಾಕ್ಯಾರೆ. 2023ರ ಅಕ್ಟೋಬರಿಂದ ಲೆಕ್ಕ ಒಪ್ಪಿಸೋದು ಶುರು, 2026ರ ಜನವರಿಯಿಂದ ಸುಂಕ ಲೆಕ್ಕಕ್ಕೆ ಬಂತು. ಕಲ್ಲಿದ್ದಲಲ್ಲಿ ಮಾಡಿದ ಉಕ್ಕು ಅಲ್ಲಿ ತುಟ್ಟಿ ಆಗುತ್ತೆ. ಅಂದ್ರೆ ನಾವು ಬದಲಾಗ್ತೀವೋ ಇಲ್ಲವೋ ಅಂತ ದೆಹಲಿ ಒಂದೇ ನಿರ್ಧಾರ ಮಾಡೋ ಕಾಲ ಹೋಯ್ತು. ಯುರೋಪ್ ಒಕ್ಕೂಟದ ಬ್ರಸೆಲ್ಸಿನಲ್ಲಿ ಕೂತವರು ಬರೆದ ಒಂದು ಸಾಲಿಗೆ ಸಂಡೂರು ತಾಲ್ಲೂಕಿನಲ್ಲಿ ಓವರ್‌ಟೈಮ್ ನಿಲ್ಲಬಹುದು.

ಎಡದಂಡೆ_ಮಾನ್ವಿ

ದಕ್ಷಿಣ ಆಫ್ರಿಕಾದಾಗ ಕೊಮಾಟಿ ಅನ್ನೋ ಕಲ್ಲಿದ್ದಲ ಸ್ಥಾವರ 2022ರಾಗ ಮುಚ್ಚಿದ್ರು, ಮರುವರ್ಷ ದೇಶಾನ ಕತ್ತಲಿಗೆ ಬಿತ್ತು ಅಂತ ಓದೀನಿ. ನಮಗೂ ಅದೇ ಗತಿ ಆದ್ರ?

ಟೀಚರಮ್ಮ_ಲಿಂಗಸುಗೂರು

ಅದನ್ನು ಅರ್ಧ ಹೇಳಬೇಡಿ. ಕೊಮಾಟಿ ಅರವತ್ತು ವರ್ಷದ ಮುದಿ ಸ್ಥಾವರ. ಮುಚ್ಚುವ ಹೊತ್ತಿಗೆ ಅಲ್ಲಿ ಓಡುತ್ತಿದ್ದದ್ದು ಒಂದೇ ಯೂನಿಟ್. 2023ರ ಕತ್ತಲೆಗೆ ಕಾರಣ ಬೇರೆ ಸ್ಥಾವರಗಳು ಪದೇ ಪದೇ ಕೆಟ್ಟು ನಿಂತದ್ದು. ಅವೂ ಕಲ್ಲಿದ್ದಲಿನವೇ.

ಸಂಡೂರಿನವ

ಟೀಚರ್ ಹೇಳಿದ್ದು ಸರಿ. ಆದರೆ ಕೊಮಾಟಿಗೆ ವಿಶ್ವಬ್ಯಾಂಕ್ ಸುಮಾರು 50 ಕೋಟಿ ಡಾಲರ್ ಕೊಡೋಕೆ ಒಪ್ಪಿತ್ತು, ಅದೇ ಜಾಗದಲ್ಲಿ ಸೋಲಾರ್, ಬ್ಯಾಟರಿ, ತರಬೇತಿ ಅಂತ. ಸ್ಥಾವರ ಮೊದಲು ನಿಂತಿತು, ಬದಲಿ ಕೆಲಸ ಹಿಂದೆ ಉಳೀತು. ಊರಿನ ಬಾಡಿಗೆ ಮನೆ, ಕಿರಾಣಿ ಅಂಗಡಿ ಬಣಗುಟ್ಟಿದವು. ನಾನು ಮೇಲೆ ಹೇಳಿದ್ದು ಅದನ್ನೇ. ಜರ್ಮನಿಯವರು ಕಾನೂನಿನಲ್ಲೇ 2038 ಅಂತ ಕೊನೆಯ ವರ್ಷ ಬರೆದು, ಗಣಿ ಪ್ರದೇಶಗಳಿಗೆ 40 ಶತಕೋಟಿ ಯೂರೋ ಅಂತ ಮೊದಲೇ ಇಟ್ರು. 2022ರಲ್ಲಿ ರಷ್ಯಾ ಗ್ಯಾಸ್ ನಿಂತಾಗ ಅವರೂ ಕೆಲವು ಕಲ್ಲಿದ್ದಲ ಸ್ಥಾವರ ವಾಪಸ್ ಎಬ್ಬಿಸಿದ್ರು. ಆದ್ರೂ ಅಲ್ಲಿ ಕಾರ್ಮಿಕನಿಗೆ ಕೈಯಲ್ಲಿ ಹಿಡಿಯೋಕೆ ಒಂದು ವರ್ಷ ಇದೆ.

ದೇವಸೂಗೂರ_ಹುಡುಗ

ಎಲ್ಲಾರಿಗೂ ಶರಣು. ಆಫೀಸರ್ ಸಾಹೇಬ್ರು ಹೇಳಿದ್ದು ಓದಿ ಒಂದು ತಿಳೀತು. ಹೋದ ಮಳಿಗಾಲದಾಗ ನಮ್ಮ ಕಡಿ ಹಾಜರಿ ಕಮ್ಮಿ ಆಗಿದ್ದು ಯಾಕ ಅಂತ. ನಾವು ಕಾಂಟ್ರಾಕ್ಟರನ ಕುತಂತ್ರ ಅಂದ್ಕೊಂಡಿದ್ವಿ. ಸಂಡೂರಣ್ಣ, ಒಂದು ಕೇಳ್ತೀನಿ. 2011ರಾಗ ಪರಿಹಾರದ ಪಟ್ಟಿ ಅಂತ ಏನಾದ್ರೂ ಮಾಡಿದಾಗ ಯಾರ ಹೆಸರು ಬಂದಿಲ್ಲ?

ಸಂಡೂರಿನವ

ಹಾಜರಿ ಪುಸ್ತಕದಲ್ಲಿ ಇಲ್ಲದವರದ್ದು. ಅಂದ್ರೆ ಬಹುತೇಕ ಎಲ್ಲರದ್ದೂ. ಕೈಗೆ ರೊಕ್ಕ ತಗೊಂಡು ದುಡಿದವನಿಗೆ ನಾನು ಗಣಿ ಕೆಲಸದವನು ಅಂತ ತೋರಿಸೋಕೆ ಒಂದು ಚೀಟಿಯೂ ಇರಲಿಲ್ಲ. ನಿನ್ನ ಪಿಎಫ್ ಪಾಸ್‌ಬುಕ್ ಇವತ್ತೇ ತೆಗೆದು ನೋಡು. ಕಾಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರ್) ಮಾಡಿಸಿದಾರಾ, ಎಲ್ಲಾ ಒಂದೇ ನಂಬರಿನಲ್ಲಿ ಇದೆಯಾ, ಯಾವ ತಿಂಗಳು ಜಮೆ ತಪ್ಪಿದೆ. ಗೇಟ್ ಪಾಸ್ ಹಳೇವು ಬಿಸಾಡಬೇಡ. ವೇತನ ಚೀಟಿ ಕೊಡದಿದ್ರೆ ಬರವಣಿಗೆಯಲ್ಲಿ ಕೇಳು, ಒಬ್ಬನೇ ಬೇಡ, ಹತ್ತು ಜನ ಸೇರಿ ಕೇಳ್ರಿ.

ನಿವೃತ್ತ_ಸೆಕ್ಷನ್_ಆಫೀಸರ್

ಅದಕ್ಕೆ ಒಂದು ಸೇರಿಸುತ್ತೇನೆ. ಮನೆ ಸಾಲದ ವಿಷಯ. ಹದಿನೈದು ವರ್ಷದ ಕಂತಿಗೆ ಈಗ ಹೋಗಬೇಡ ತಮ್ಮ. ರಾಯಚೂರಿನ ಯರಮರಸ್ ಸ್ಥಾವರದ 800 ಮೆಗಾವ್ಯಾಟಿನ ಎರಡು ಯೂನಿಟ್ಟುಗಳು ಹೊಸವು, ಬಳ್ಳಾರಿಯ ಕುಡತಿನಿ ಸ್ಥಾವರದವೂ ನಿನ್ನ ಯೂನಿಟ್ಟುಗಳಿಗಿಂತ ಬಹಳ ಚಿಕ್ಕ ವಯಸ್ಸಿನವು. ಕಲ್ಲಿದ್ದಲು ಇರುವಷ್ಟು ದಿನ ಅವು ಮೊದಲು ಓಡುತ್ತವೆ, ಹಳೆಯವು ಕೊನೆಗೆ. ಬೂದಿ ವಿಭಾಗದ ಅನುಭವ ಅಲ್ಲಿಯೂ ಬೇಕು. ಜೊತೆಗೆ ರಿಲೇ, ಸಬ್‌ಸ್ಟೇಷನ್ ಕೆಲಸ ಕಲಿ. ಸೌರವಾಗಲಿ, ಗಾಳಿಯಾಗಲಿ, ಬ್ಯಾಟರಿಯಾಗಲಿ, ಸಬ್‌ಸ್ಟೇಷನ್ ಇಲ್ಲದೆ ಒಂದು ಯೂನಿಟ್ಟೂ ಹೊರಗೆ ಹೋಗುವುದಿಲ್ಲ.

ದೇವಸೂಗೂರ_ಹುಡುಗ

ಪಾಸ್‌ಬುಕ್ ತೆಗೆದೆ. ಎರಡು ಯುಎಎನ್ ಅದಾವು ನನ್ನ ಹೆಸರಿನ್ಯಾಗ, ಒಂದರಾಗ ಅಪ್ಪನ ಹೆಸರು ತಪ್ಪು. ಇವನ್ನ ಒಂದು ಮಾಡಿಸಾಕ ಆನ್‌ಲೈನ್ ಆಗ್ತೈತೋ, ರಾಯಚೂರು ಪಿಎಫ್ ಆಫೀಸಿಗೇ ಹೋಗಬೇಕೋ? ಮಾಡಿಸಿದವರು ಯಾರಾದ್ರೂ ಇದ್ರ ಹೇಳ್ರಿ.

ಹತ್ತಿ_ಮಾರ್ಕೆಟ್

ಮೊದಲು ಹೆಸರು ತಿದ್ದುಪಡಿ ಮಾಡಿಸು, ಆಧಾರಿನ್ಯಾಗ ಇದ್ದಂಗ. ಅದು ಆಗದ ಹೊರತು ಎರಡು ಖಾತೆ ಒಂದಾಗಂಗಿಲ್ಲ. ನಮ್ಮ ಅಳಿಯಂದು ಹಂಗೇ ಎರಡು ಸಲ ವಾಪಸ್ ಬಂದಿತ್ತು.